ನನ್ನ ಗಂಡ ಸಂತನಾಗಲು ಹೊರಟ ವರ್ಷ

ಹೋದ ತಿಂಗಳು ಹುಮನಾಬಾದಿನಲ್ಲಿ ತಂಗಿಯ ಮಗಳ ಮದುವೆ ಮುಗಿಸಿಕೊಂಡು ಮೋಟಾರು ಬಸ್ಸಿನಲ್ಲಿ ಕಲಬುರ್ಗಿಗೆ ಬರುತ್ತಿದ್ದೆ. ಕಮಲಾಪುರದಲ್ಲಿ ಬಸ್ಸು ನಿಂತಿತು. ಹಣ್ಣು ಮಾರುವ ಹೆಂಗಸೊಬ್ಬಳು ಬುಟ್ಟಿಯನ್ನು ನೇರ ನನ್ನ ಕಿಟಕಿಗೇ ತಂದು ಹಿಡಿದಳು. ಹುಲ್ಲಿನಲ್ಲಿ ಮುಚ್ಚಿ ಮಾಗಿಸಿದ ಕೆಂಪು ಬಾಳೆಹಣ್ಣು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮುಖ ಗಂಟಾಯಿತಂತೆ. ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗಳು, "ಯಾಕಜ್ಜಿ, ಹಣ್ಣ ಕೆಟ್ಟಾವೇನು?" ಎಂದಳು. ಹಣ್ಣು ಚೆನ್ನಾಗಿಯೇ ಇದ್ದವು. ನಿಮ್ಮಜ್ಜ ನೆನಪಾದರು ಎಂದೆ. ಅವಳು ನಕ್ಕಳು. ಅವಳು ಕಂಡ ಅಜ್ಜ ಮೆತ್ತಗಿನ ಮನುಷ್ಯ, ತೊಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹಾಡು ಹೇಳುತ್ತಿದ್ದವರು. ನನಗೆ ನೆನಪಾದದ್ದು ಆ ಅಜ್ಜನಲ್ಲ, ಸಂತನಾಗಲು ಹೊರಟಿದ್ದ ಅಜ್ಜ. ಆ ಒಂದು ವರ್ಷ ಅವರ ಜೊತೆ ಬದುಕಿದ್ದಕ್ಕೆ ನನಗೇ ಯಾರಾದರೂ ಸಂತಳೆಂದು ಹೆಸರಿಡಬೇಕಿತ್ತು.

ಆಗ ಇನ್ನೂ ನಿಜಾಮರ ರಾಜ್ಯ. ನನ್ನ ಮಗ ಹುಟ್ಟಿರಲಿಲ್ಲ. ನಾನು ಕಲಬುರ್ಗಿಯಲ್ಲಿ ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಷರ ಕಲಿಸುತ್ತಿದ್ದೆ. ನನ್ನ ಗಂಡ ಯೋಹಾನಪ್ಪನವರು ಹಿರಿಯ ಪಾದ್ರಿ ಅಯ್ಯನವರ ಕೈಕೆಳಗೆ ಬೋಧಕರಾಗಿದ್ದರು. ಬೋಧನೆ ಚೆನ್ನಾಗಿ ಮಾಡುತ್ತಿದ್ದರು, ಕನ್ನಡದಂತೆ ಉರ್ದುವಿನಲ್ಲೂ ಮಾತು ಸಲೀಸು. ಇದ್ದದ್ದು ಒಂದೇ ತೊಂದರೆ, ಸಿಟ್ಟು. ಅನ್ನ ಮೆತ್ತಗಾದರೆ ಸಿಟ್ಟು, ಟಾಂಗಾದವನು ತಡ ಮಾಡಿದರೆ ಸಿಟ್ಟು, ಪ್ರಾರ್ಥನೆಯ ನಡುವೆ ಯಾರಾದರೂ ಕೆಮ್ಮಿದರೂ ಸಿಟ್ಟು. ಬಂದಷ್ಟೇ ಬೇಗ ಹೋಗಿಬಿಡುತ್ತಿತ್ತು, ಆಮೇಲೆ ಅವರೇ ಸಂಕೋಚಪಟ್ಟು ಮೂಲೆ ಹಿಡಿಯುತ್ತಿದ್ದರು. ನನ್ನ ಹೆಸರು ಶಾಂತಾಬಾಯಿ. ಆ ಹೆಸರು ಇಟ್ಟವರು ಯೋಹಾನಪ್ಪನವರನ್ನು ನೋಡಿರಲಿಲ್ಲ.

ಆ ಬೇಸಿಗೆ ಸ್ಟೇಷನ್ನಿನ ಕಡೆಯ ಬಯಲಿನಲ್ಲಿ ಚಪ್ಪರ ಹಾಕಿ ದೊಡ್ಡ ಪ್ರಾರ್ಥನಾ ಕೂಟ ನಡೆಸಿದರು. ಬಳ್ಳಾರಿಯ ಕಡೆಯಿಂದ ಒಬ್ಬ ವಯಸ್ಸಾದ ಬೋಧಕರು ಬಂದಿದ್ದರು. ಬಿಸಿಲಿಗೆ ಚಪ್ಪರದ ಚಾಪೆಗಳು ಚಟಚಟ ಅನ್ನುತ್ತಿದ್ದವು, ಜನ ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದರು. ಆ ಬೋಧಕರು ಪರಿಶುದ್ಧತೆಯ ಮೇಲೆ ಮಾತನಾಡಿದರು. ಕ್ಷಮೆ ಸಿಕ್ಕಿತು ಎಂದು ಅಲ್ಲಿಗೇ ನಿಲ್ಲಬೇಡಿರಿ, ದೇವರು ನಿಮ್ಮ ಒಳಗನ್ನೂ ತೊಳೆಯಬಲ್ಲನು ಎಂದರು. ಆಮೇಲೆ ತಮ್ಮ ಎರಡೂ ಕೈ ಎತ್ತಿ ತೋರಿಸಿ, "ಕೊಳೆಯಾದ ಈ ಕೈಯನ್ನು ಕೊಳೆಯಾದ ಈ ಕೈಯಿಂದಲೇ ಉಜ್ಜಿದರೆ ಏನಾಗುತ್ತದೆ? ನೀರು ಬೇರೆ ಕಡೆಯಿಂದ ಬರಬೇಕು. ನಿಮ್ಮ ಕೆಲಸ ಕೈ ಚಾಚುವುದಷ್ಟೇ" ಎಂದರು. ನಾನು ಹೆಂಗಸರ ಸಾಲಿನಲ್ಲಿ ಹಿಂದೆ ಕುಳಿತಿದ್ದೆ, ಆದರೂ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಸಾಲಿನಲ್ಲಿ ಕುಳಿತ ನನ್ನ ಗಂಡನಿಗೆ ಮಾತ್ರ ಅರ್ಧವೇ ಕೇಳಿಸಿತ್ತು.

ಮನೆಗೆ ಬರುವಾಗ ಅವರ ಮುಖ ಹೊಳೆಯುತ್ತಿತ್ತು. "ಶಾಂತಾ, ಇನ್ನ ಒಂದ ವರ್ಷದಾಗ ನನ್ನ ಸಿಟ್ಟ ಬೇರಸಹಿತ ಕಿತ್ತಿ ಒಗೀತೀನಿ, ನೋಡ್ತಿರು" ಎಂದರು.

"ಕೀಳಾಂವ ದೇವರು ಅಂದ್ರಲ್ರಿ ಅವರು?"

"ಅದ ಖರೆ. ಆದ್ರ ನಾವೂ ಜೋರ ಹಚ್ಚಬೇಕಲ್ಲ!"

ಜೋರು ಹಚ್ಚಿದರು. ಮಳೆಗಾಲ ಶುರುವಾಗುವ ಹೊತ್ತಿಗೆ ನಮಗೆ ಕಮಲಾಪುರಕ್ಕೆ ವರ್ಗವಾಯಿತು. ಊರ ಹೊರಗಿನ ಕೇರಿಯಲ್ಲಿ ಕೆಲವು ಮನೆಯವರು ಹೊಸದಾಗಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾಗಿದ್ದರು, ಅವರನ್ನು ನೋಡಿಕೊಳ್ಳಬೇಕಿತ್ತು. ನಮಗೆ ಸಿಕ್ಕಿದ ಮನೆ ಎರಡು ಕೋಣೆಯದು, ಮೇಲೆ ಮಣ್ಣಿನ ಮಾಳಿಗೆ. ಪಕ್ಕದ ಗೋಡೆಗೆ ಹತ್ತಿಕೊಂಡೇ ತೋಟದವರೊಬ್ಬರ ಕೋಣೆ ಇತ್ತು, ಅದರಲ್ಲಿ ಬಾಳೆಗೊನೆಗಳನ್ನು ಹುಲ್ಲಿನಲ್ಲಿ ಮುಚ್ಚಿ ಹಣ್ಣು ಮಾಡುತ್ತಿದ್ದರು. ವರ್ಷಪೂರ್ತಿ ನಮ್ಮ ಮನೆಯಲ್ಲಿ ಅದೇ ವಾಸನೆ. ನನ್ನ ಗಂಡ ಉಪವಾಸ ಹಿಡಿದದ್ದು ಅಂಥ ಮನೆಯಲ್ಲಿ.

ನೇಮಗಳು ಒಂದರ ಹಿಂದೊಂದು ಬಂದವು. ಕೋಳಿ ಕೂಗುವ ಮೊದಲು ಎದ್ದು ಬಾವಿಯ ತಣ್ಣೀರು ಸುರಿದುಕೊಳ್ಳಬೇಕು. ಚಹಾ ಬಿಟ್ಟರು, ಆಮೇಲೆ ಉಪ್ಪು ಬಿಟ್ಟರು. ಹಾಸಿಗೆ ಸುತ್ತಿಟ್ಟು ಬರಿಯ ಪರಸಿಕಲ್ಲಿನ ಮೇಲೆ ಮಲಗಿದರು. ವಾರದಲ್ಲಿ ಉಪವಾಸದ ದಿನಗಳು ಹೆಚ್ಚುತ್ತ ಹೋದವು. ಎಲ್ಲಕ್ಕಿಂತ ದೊಡ್ಡ ಕಾಟವೆಂದರೆ ಮೌನ. ಮುಂಜಾನೆಯಿಂದ ಮಧ್ಯಾಹ್ನದ ತನಕ ಮಾತೇ ಇಲ್ಲ. ಮಾತಿಲ್ಲದಿದ್ದರೆ ಸಿಟ್ಟಿನ ಮಾತೂ ಬರುವುದಿಲ್ಲ ಎಂಬುದು ಅವರ ಲೆಕ್ಕ. ಎಲ್ಲವೂ ಕೈಸನ್ನೆಯಲ್ಲಿ. ಅವರು ಒಂದು ತೋರಿಸಿದರೆ ನಾನು ಇನ್ನೊಂದು ತರುತ್ತಿದ್ದೆ. ಆಗ ಕಣ್ಣು ಮುಚ್ಚಿ, ಮೂಗಿನ ಹೊಳ್ಳೆ ಅಗಲಿಸಿ, ದೀರ್ಘ ಉಸಿರು ಬಿಡುತ್ತ ನಿಲ್ಲುತ್ತಿದ್ದರು. ಮೊದಲಿನಂತೆ ಕೂಗಾಡಿದ್ದರೆ ಒಂದು ಗಳಿಗೆಯಲ್ಲಿ ಮುಗಿದು ಹೋಗುತ್ತಿತ್ತು. ಈಗ ಆ ಸಿಟ್ಟು ಹೊರಗೆ ಹೋಗಲು ದಾರಿಯಿಲ್ಲದೆ ಹಸಿ ಕಟ್ಟಿಗೆಯ ಹೊಗೆಯಂತೆ ಮನೆಯಲ್ಲೇ ಸುತ್ತುತ್ತಿತ್ತು.

ಒಂದು ದಿನ ಬೆಳಗಿನಿಂದಲೂ ಜಡಿಮಳೆ. ನಾನು ಕೇರಿಗೆ ಹೋಗಿ, ಅಲ್ಲಿಯ ಹೆಂಗಸರಿಗೆ ಹಾಡು ಕಲಿಸಿ, ಕೆಸರಿನಲ್ಲಿ ಜಾರುತ್ತ ಮನೆಗೆ ಬಂದೆ. ಮಾಳಿಗೆ ಸೋರಿ, ಜೋಳದ ಹಿಟ್ಟಿನ ಡಬ್ಬಿಯೊಳಗೇ ನೀರು ಬೀಳುತ್ತಿತ್ತು. ತಿಂಗಳಿಗೆಂದು ಬೀಸಿಟ್ಟ ಹಿಟ್ಟು ಅಂಬಲಿಯಾಗಿತ್ತು. ನನ್ನ ಗಂಡ ಅದರ ಎದುರಿಗೇ ಚಾಪೆಯ ಮೇಲೆ ಕುಳಿತು ಧ್ಯಾನ ಮಾಡುತ್ತಿದ್ದರು.

"ಏನ್ರಿ ಇದು? ಡಬ್ಬಿ ಸರಸ್ಲಿಕ್ಕಿ ಬರ್ತಿದ್ದಿಲ್ಲೇನ್ರಿ? ಮಗ್ಗಲ ಮನಿಯವ್ರನ್ನಾರ ಕರೀಬೇಕಿತ್ತು!"

ಅವರು ಬೆರಳೆತ್ತಿ ಆಕಾಶ ತೋರಿಸಿದರು. ನಾನು ದೇವರನ್ನು ತೋರಿಸುತ್ತಿದ್ದಾರೆ ಅಂದುಕೊಂಡೆ. ಅಲ್ಲ, ಹೊತ್ತು ಇನ್ನೂ ಮಧ್ಯಾಹ್ನವಾಗಿಲ್ಲ ಎಂದು ತೋರಿಸಿದ್ದು. ಡಬ್ಬಿ ಸರಿಸಲಿಕ್ಕೆ ಬಾಯಿ ಯಾತಕ್ಕೆ ಬೇಕಿತ್ತು ಎಂದು ಕೇಳಿದರೆ, ಧ್ಯಾನದಿಂದ ಏಳಬಾರದೆಂಬ ನೇಮವೂ ಇತ್ತೆಂದು ಆಮೇಲೆ ತಿಳಿಯಿತು. ನಾನು ಆ ಡಬ್ಬಿಯನ್ನು ಎತ್ತಿ ಅವರ ಚಾಪೆಯ ಮೇಲೆಯೇ ಬೋರಲು ಹಾಕಿ ಒಳಗೆ ಹೋದೆ. ಅವರು ಹಿಟ್ಟಿನಲ್ಲೇ ಕುಳಿತಿದ್ದರು, ತುಟಿ ಬಿಚ್ಚಲಿಲ್ಲ. ಸಂಜೆ ಮಾತ್ರ ನನ್ನ ಹತ್ತಿರ ಬಂದು, "ನೋಡಿದ್ಯಾ ಶಾಂತಾ, ಇವತ್ತ ನನಗ ಸಿಟ್ಟ ಬರ್ಲಿಲ್ಲ" ಎಂದರು. ಎಷ್ಟು ಹಿಗ್ಗು ಆ ಮುಖದಲ್ಲಿ! ಸಿಟ್ಟು ಬಂದಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ಇದೆಲ್ಲ ನಮ್ಮ ಮನೆಯ ಗೋಡೆಯೊಳಗೇ ಉಳಿದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಅವರು ಕೇರಿಯ ಜನರನ್ನೂ ಪರಿಶುದ್ಧ ಮಾಡಲು ಹೊರಟರು. ಅಲ್ಲಿ ಚಂದಪ್ಪ ಎಂಬುವನಿದ್ದ. ಬಾಳೆತೋಟಗಳ ಬಾವಿಯಿಂದ ನೀರೆತ್ತುವ ಚರ್ಮದ ಚೀಲ ಹೊಲಿಯುವುದು ಅವನ ಕಸುಬು. ಎತ್ತರದ ಆಳು, ದನಿ ಇನ್ನೂ ಎತ್ತರ. ಅವನು ಹಲಗೆ ಬಾರಿಸುತ್ತ ಸ್ತೋತ್ರದ ಹಾಡು ಎತ್ತಿಕೊಂಡರೆ ದಾರಿಯಲ್ಲಿ ಹೋಗುವ ಗಾಡಿಗಳು ನಿಲ್ಲುತ್ತಿದ್ದವು. ಸಂತೆಯ ದಿನ ಮಾತ್ರ ಸಿಂದಿ ಕುಡಿದು ದಾರಿಯಲ್ಲಿ ಬೀಳುತ್ತಿದ್ದ. ಅವನ ಹೆಂಡತಿಗೆ ದೀಕ್ಷಾಸ್ನಾನದಲ್ಲಿ ಮಾರ್ಥಾ ಎಂದು ಹೆಸರಿಟ್ಟಿದ್ದರು, ಕೇರಿಯವರ ನಾಲಿಗೆಗೆ ಅದು ಹೊರಳದೆ ಮಾರ್ತವ್ವ ಆಗಿದ್ದಳು. ಆಕೆ ಹೋಗಿ ಅವನನ್ನು ಎಬ್ಬಿಸಿಕೊಂಡು ಬರುತ್ತಿದ್ದಳು.

ನನ್ನ ಗಂಡ ಒಂದು ಭಾನುವಾರ ಎಲ್ಲರ ಎದುರಿಗೆ ಚಂದಪ್ಪನನ್ನು ನಿಲ್ಲಿಸಿದರು. ಇನ್ನು ಮುಂದೆ ಸಿಂದಿ ಮುಟ್ಟುವುದಿಲ್ಲವೆಂದು ಆಣೆ ಮಾಡಬೇಕು, ಇಲ್ಲದಿದ್ದರೆ ಸಭೆಯಲ್ಲಿ ಹಂಚುವ ಪ್ರಭು ಭೋಜನದ ರೊಟ್ಟಿ ಸಿಗುವುದಿಲ್ಲ ಎಂದರು.

ಚಂದಪ್ಪ ಕೈ ಮುಗಿದ. "ಆಣಿ ಬ್ಯಾಡ್ರಿ ಅಯ್ಯಾರೆ. ಬಿಡ್ತೀನಿ ಅಂತ ನಾ ಭಾಳ ಸಲ ಅಂದೀನಿ. ಆಕಿ ತಲಿ ಮ್ಯಾಲ ಕೈ ಇಟ್ಟ ಅಂದೀನಿ, ಕೂಸಿನ ಮ್ಯಾಲ ಅಂದೀನಿ. ನನ್ನಿಂದ ಆಗಂಗಿಲ್ರಿ. ನೀವ ಜರಾ ದೇವ್ರಿಗಿ ಹೇಳ್ರಿ, ಅವ ಬಿಡಸ್ಲಿ."

"ಇದು ಸೋಮಾರಿ ಮಾತು! ದೇವರ ಹೆಸರ ಮ್ಯಾಲ ನೀ ಆರಾಮ ಕುಡೀಬೇಕಂತೀದಿ. ಮನಸ್ಸ ಗಟ್ಟಿ ಮಾಡು. ನಾ ಮಾಡಿಲ್ಲೇನು? ಆಣಿ ಮಾಡು!"

ಅವನು ಮಾಡಿದ. ಮಾರ್ತವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮಳೆಗಾಲ ಕಳೆದರೂ ಚಂದಪ್ಪ ಕುಡಿಯಲಿಲ್ಲ, ಹಾಡಲೂ ಇಲ್ಲ. ತೊಗರಿ ಹೂ ಬಿಟ್ಟಿತು, ಜೋಳ ಮೊಣಕಾಲೆತ್ತರ ಬಂತು. ಅವನು ಹೆದರಿದ ದನದ ಹಾಗೆ ಕಣ್ಣು ಅಗಲಿಸಿಕೊಂಡು ಓಡಾಡುತ್ತಿದ್ದ. ಸಂತೆಯ ದಿನ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿಕೊಂಡು ಕೂರುತ್ತಿದ್ದನಂತೆ. ನನ್ನ ಗಂಡನಿಗೆ ಮಾತ್ರ ಹಿಗ್ಗೋ ಹಿಗ್ಗು. ಕಲಬುರ್ಗಿಯಿಂದ ಯಾರೇ ಬರಲಿ, ಚಂದಪ್ಪನನ್ನು ಕರೆಸಿ ಮುಂದೆ ನಿಲ್ಲಿಸಿ, "ಮನುಷ್ಯ ಮನಸ್ಸ ಮಾಡಿದ್ರ ಏನ ಆಗಂಗಿಲ್ಲ ಹೇಳ್ರಿ? ಇವನ್ನ ನೋಡ್ರಿ" ಎನ್ನುತ್ತಿದ್ದರು. ಚಂದಪ್ಪ ನೆಲ ನೋಡುತ್ತ ನಿಲ್ಲುತ್ತಿದ್ದ. ನನಗೆ ಇಬ್ಬರನ್ನು ನೋಡಿಯೂ ಹೆದರಿಕೆಯಾಗುತ್ತಿತ್ತು. ನನ್ನ ಗಂಡನ ದವಡೆಯ ಎಲುಬು ಎದ್ದು ಕಾಣುತ್ತಿತ್ತು, ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಜೋತಾಡುತ್ತಿತ್ತು. ಒಂದು ತುತ್ತು ಹೆಚ್ಚು ಉಣ್ಣಿರೆಂದರೆ ನನ್ನನ್ನೇ ಶೋಧನೆ, ಸೈತಾನನ ಆಮಿಷ, ಎನ್ನುತ್ತಿದ್ದರು. ಕಟ್ಟಿಕೊಂಡ ಹೆಂಡತಿ ಶೋಧನೆಯಂತೆ! ರೊಟ್ಟಿ ಬಡಿಯುತ್ತ ನಾನು ಅವರ ಬದಲು ಹಿಟ್ಟಿಗೆ ಎರಡೇಟು ಹೆಚ್ಚು ಹಾಕುತ್ತಿದ್ದೆ.

ಜೋಳದ ರಾಶಿಯ ಕಾಲಕ್ಕೆ ಸುಗ್ಗಿಯ ಸ್ತೋತ್ರ ಕೂಟ ಇಟ್ಟುಕೊಂಡೆವು. ಪ್ರಭು ಭೋಜನ ಕೊಡಲು ಹಿರಿಯ ಅಯ್ಯನವರು ಕಲಬುರ್ಗಿಯಿಂದ ಗಾಡಿಯಲ್ಲಿ ಬಂದರು. ಕೇರಿಯ ನಡುವಿನ ಬೇವಿನ ಮರದ ಕೆಳಗೆ ಸಾರಿಸಿ, ಜೋಳದ ತೆನೆಗಳನ್ನು ಕಟ್ಟಿದ್ದೆವು, ಅಕ್ಕಪಕ್ಕದ ಹಳ್ಳಿಯವರೂ ಬಂದು ಕುಳಿತಿದ್ದರು. ಚಂದಪ್ಪ ಮಾತ್ರ ಕಾಣಲಿಲ್ಲ. ಹಿಂದಿನ ದಿನ ಅವನ ಅಣ್ಣನನ್ನು ಮಣ್ಣು ಮಾಡಿ ಬಂದಿದ್ದರು. ಅಲ್ಲಿ ನೆಂಟರು ಕೊಟ್ಟದ್ದನ್ನು ಅವನು ಬೇಡವೆನ್ನಲಿಲ್ಲ.

ಅಯ್ಯನವರು ರೊಟ್ಟಿ ಮುರಿದು ಪ್ರಾರ್ಥಿಸುವ ಹೊತ್ತಿಗೆ ಅವನು ಬಂದ. ತೂರಾಡುತ್ತ ಬಂದವನು ಹೆಂಗಸರ ನಡುವಿನಿಂದಲೇ ದಾರಿ ಮಾಡಿಕೊಂಡು ಮುಂದೆ ಬಂದು ಕೈ ಚಾಚಿದ. ನನ್ನ ಗಂಡ ಅಡ್ಡ ನಿಂತರು.

"ಹಿಂದ ಸರಿ ಚಂದಪ್ಪ."

"ನಂಗೂ ಬೇಕ್ರಿ."

"ಕುಡದ ಬಂದೀದಿ. ಆಣಿ ಮುರದೀದಿ. ಸರಿ ಹಿಂದ!"

"ಮುರದೀನ್ರಿ. ಅದಕ್ಕೇ ಬೇಕು. ನನಗ ಭಾಳ ಬೇಕಾಗ್ಯಾದ್ರಿ ಅಯ್ಯಾರೆ." ಅವನು ಅಳುತ್ತಿದ್ದ.

ಅಂದು ನನ್ನ ಗಂಡನ ಉಪವಾಸ. ಅವರ ಕತ್ತಿನ ನರ ಉಬ್ಬಿದ್ದು ನಾನು ಕುಳಿತಲ್ಲಿಗೆ ಕಂಡಿತು. ನಾನು ಏಳುವಷ್ಟರಲ್ಲಿ ಕೈ ಬೀಸಿಯೇಬಿಟ್ಟರು. ಆ ವರ್ಷವೆಲ್ಲ ನುಂಗಿಟ್ಟುಕೊಂಡದ್ದು ಒಂದೇ ಏಟಿನಲ್ಲಿ ಬಂತು. ಚಂದಪ್ಪ ಪಕ್ಕಕ್ಕೆ ಹೊರಳಿ ಬಿದ್ದ, ಹಣೆ ಬೇವಿನ ಕಟ್ಟೆಯ ಕಲ್ಲಿಗೆ ಬಡಿಯಿತು. ರಕ್ತ ಸಾರಿಸಿದ ನೆಲದ ಮೇಲೆ ಹರಿಯಿತು.

ಮಾರ್ತವ್ವ ಓಡಿ ಬಂದು ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು, ನನ್ನ ಗಂಡನ ಮುಖವನ್ನೇ ನೋಡಿ, "ಕುಡದಾಂವ ಅತ್ತ, ಕುಡೀಲಾರದಾಂವ ಹೊಡದ. ಇವರೊಳಗ ಯಾರಿಗಿ ನಿಶಾ ಏರ್ಯಾದ, ಹೇಳ್ರಿ ಬಾಯಿ" ಎಂದಳು. ಬಾಯಿ ಅಂದರೆ ನಾನು. ಹಿರಿಯ ಅಯ್ಯನವರು ಹೆಗಲ ಮೇಲಿನ ಬಿಳಿ ವಸ್ತ್ರ ತೆಗೆದು ಚಂದಪ್ಪನ ಹಣೆಗೆ ಕಟ್ಟಿದರು. ಜನ ಒಬ್ಬೊಬ್ಬರಾಗಿ ಎದ್ದು ಹೋದರು.

ಮಧ್ಯಾಹ್ನ ನಮ್ಮ ಮನೆಯ ಅಂಗಳದಲ್ಲಿ ನನ್ನ ಗಂಡ ಅಯ್ಯನವರ ಕಾಲ ಬಳಿ ಕುಳಿತಿದ್ದರು. "ನನಗ ಶಿಕ್ಷಾ ಕೊಡ್ರಿ. ಇನ್ನೂ ಕಠಿಣ ನೇಮ ಹೇಳ್ರಿ, ಹಿಡೀತೀನಿ."

ಅಯ್ಯನವರು ಸಾಮಾನ್ಯವಾಗಿ ದನಿ ಎತ್ತುವವರಲ್ಲ. ಅಂದು ಅವರಿಗೂ ಸಾಕಾಗಿತ್ತು. "ಮತ್ತೊಂದು ನೇಮ! ಅಲ್ಲೋ ಯೋಹಾನಪ್ಪ, ನಿನಗ ಚಲೋ ಆಗೂದು ಬೇಕಾಗಿಲ್ಲ. ತಾನೇ ಚಲೋ ಆದೆ ಅನ್ನಿಸ್ಕೊಳ್ಳೂದು ಬೇಕಾಗ್ಯಾದ. ದೇವರು ಮಾಡೂ ಕೆಲಸ ಅವನ ಕೈಯಾಗಿಂದ ಕಸಗೊಂಡು ಕುಂತೀದಿ. ಬಿಡು ಅದನ್ನ. ಮದಲ ಉಣ್ಣು."

ಇದನ್ನೇ ನಾನು ಬೇಸಿಗೆಯಲ್ಲಿ ಹೇಳಿರಲಿಲ್ಲವೆ? ಪಾದ್ರಿಗಳು ಹೇಳಿದರಾದರೂ ತಲೆಗೆ ಹೋದೀತೆಂದು ತಾಟು ತಂದಿಟ್ಟೆ. ನನ್ನ ಗಂಡ ಅದನ್ನು ಮುಟ್ಟದೆ ಎದ್ದು ಒಳಗೆ ಹೋದರು. ಅಯ್ಯನವರು ಮರುದಿನ ಬೆಳಿಗ್ಗೆ ಗಾಡಿ ಹತ್ತಿದ ಕೂಡಲೇ ಮೊದಲಿಗಿಂತ ಉಗ್ರವಾದ ಉಪವಾಸ ಶುರುವಾಯಿತು. ಚಂದಪ್ಪನ ಮನೆಗೆ ಹೋಗಿ ಒಂದು ಮಾತು ತಪ್ಪಾಯಿತು ಎನ್ನಿರೆಂದರೆ, ಮೊದಲು ತಾವು ಅದಕ್ಕೆ ಯೋಗ್ಯರಾಗಬೇಕಂತೆ. ದಿನವೂ ಅವನ ಗಾಯಕ್ಕೆ ಅರಿಶಿನ, ಎಣ್ಣೆ ಹಚ್ಚಲು ಹೋಗುತ್ತಿದ್ದವಳು ನಾನು. ಮಾರ್ತವ್ವ ಬಾಗಿಲು ತೆರೆಯುತ್ತಿದ್ದಳು, ಮಾತನಾಡುತ್ತಿರಲಿಲ್ಲ. ಭಾನುವಾರ ಬೇವಿನ ಮರದ ಕೆಳಗೆ ನಾವಿಬ್ಬರೇ ಕುಳಿತು ಎದ್ದು ಬಂದೆವು. ಕಟ್ಟಿದ ಸಭೆ ಒಡೆದಿತ್ತು, ಕಟ್ಟಿಕೊಂಡ ಗಂಡ ಒಣಗುತ್ತಿದ್ದರು. ತವರಿಗೆ ಹೋಗಿಬಿಡಲೆ ಎಂದು ಪೆಟ್ಟಿಗೆಯಲ್ಲಿ ಸೀರೆ ಮಡಚಿಟ್ಟದ್ದೂ ಉಂಟು.

ಹೋಗುವಷ್ಟರಲ್ಲಿ ಅವರು ಬಾವಿಯ ಹತ್ತಿರ ಬಿದ್ದರು. ಮೈ ಕೆಂಡ, ಮೇಲೆ ಗಡಗಡ ನಡುಕ. ಊರಿನ ಹಕೀಮ ಸಾಹೇಬರು ಬಂದರು. ಬಿಳಿಗಡ್ಡದ ಮುದುಕರು, ನಾಡಿ ಹಿಡಿದು, ಹೊಟ್ಟೆ ಒತ್ತಿ ನೋಡಿ ನನ್ನ ಕಡೆ ತಿರುಗಿದರು.

"ಬುಖಾರ್ ಅದ ಬಾಯಿ, ಅದಕ್ಕ ದವಾ ಕೊಡ್ತೀನಿ. ಆದ್ರ ಒಳಗ ಏನೂ ಇಲ್ಲ. ಖಾಲಿ ಮಡಕಿಗಿ ದವಾ ಹಾಕಿದ್ರ ಏನ ಫಾಯದಾ? ಉಣ್ಣಾಕ ಕೊಡೂದಿಲ್ಲೇನು ಇವ್ರಿಗಿ?"

"ಉಣ್ಣಂಗಿಲ್ರಿ ಸಾಹೇಬರ. ಪರಿಶುದ್ಧ ಆಗಾಕತ್ತಾರ."

ಅವರು ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ನಮ್ಮ ಮನ್ಯಾಗೂ ಇಂಥಾಂವ ಒಬ್ಬ ಇದ್ದ, ನನ್ನ ತಮ್ಮ. ಇವ್ರಿಗಿ ಕಲಬುರ್ಗಿ ದವಾಖಾನಿಗಿ ಒಯ್ರಿ. ತಡ ಮಾಡಿದ್ರ ಹೊತ್ಕೊಂಡು ಒಯ್ಬೇಕಾಗ್ತದ."

ಗಾಡಿ ಎಲ್ಲಿಂದ ತರುವುದು? ರಾಶಿಯ ಕಾಲ, ಎಲ್ಲರ ಎತ್ತುಗಳೂ ಕಣದಲ್ಲಿ. ತೋಟದವರನ್ನು ಕೇಳಿದೆ, ಪಟೇಲರ ಮನೆಯಲ್ಲಿ ಕೇಳಿದೆ. ಎಲ್ಲರೂ ನಾಳೆ, ನಾಡಿದ್ದು ಎಂದರು. ಮನೆಗೆ ಬಂದು ಬಾಗಿಲಲ್ಲಿ ಕುಳಿತುಬಿಟ್ಟೆ. ಪ್ರಾರ್ಥನೆ ಮಾಡಿದೆನೆಂದು ಹೇಳಿದರೆ ಸುಳ್ಳಾದೀತು. ದೇವರ ಜೊತೆ ಜಗಳ ಆಡಿದೆ. ನಿನ್ನನ್ನು ಮೆಚ್ಚಿಸುತ್ತೇನೆಂದು ಈ ಮನುಷ್ಯ ಸಾಯುತ್ತಿದ್ದಾನೆ, ನಿನಗೇನಾದರೂ ಹೇಳುವುದಿದ್ದರೆ ಇವನಿಗೆ ಹೇಳಬಾರದೆ ಎಂದು ಬೈದೆ. ಅಷ್ಟರಲ್ಲಿ ಗಾಡಿಯ ಸದ್ದು ಕೇಳಿಸಿತು. ಚಂದಪ್ಪ. ಹಣೆಯ ಮೇಲಿನ ಗಾಯ ಇನ್ನೂ ಒಣಗಿರಲಿಲ್ಲ. ತಾನು ಚೀಲ ಹೊಲಿದುಕೊಡುವ ತೋಟದ ಯಜಮಾನನ ಕಾಲು ಹಿಡಿದು ಗಾಡಿ ತಂದಿದ್ದ.

ನನ್ನ ಮುಖ ನೋಡದೆ, "ಹಾಸಿಗಿ ತರ್ರಿ ಬಾಯಿ" ಎಂದ.

ನನ್ನ ಗಂಡನಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಚಂದಪ್ಪ ಅವರನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಬಂದು ಹುಲ್ಲಿನ ಮೇಲೆ ಮಲಗಿಸಿದ. ಅವರು ಕಣ್ಣು ತೆರೆದು ಅವನನ್ನು ಕಂಡು ಮತ್ತೆ ಮುಚ್ಚಿದರು. ಗಾಡಿ ಕೆಂಪು ಮಣ್ಣಿನ ದಿಬ್ಬ ಇಳಿದು ಕಪ್ಪು ನೆಲಕ್ಕೆ ಬಂತು. ಎರಡೂ ಕಡೆ ಕೊಯ್ದು ಮಲಗಿಸಿದ ಜೋಳದ ದಂಟು. ದಾರಿಯಲ್ಲಿ ವಾಂತಿಯಾದಾಗ ಚಂದಪ್ಪನೇ ತಲೆ ಹಿಡಿದ, ಬಾಯಿ ಒರೆಸಿದ, ಮೈ ಹೊರಳಿಸಿದ. ಹೊತ್ತು ನೆತ್ತಿಗೇರಿದಾಗ ಹಳ್ಳದ ದಂಡೆಯ ಜಾಲಿಯ ನೆರಳಿನಲ್ಲಿ ಎತ್ತು ಬಿಚ್ಚಿದ. ನಾನು ತಂದಿದ್ದ ಅಂಬಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಗಂಡನ ತಲೆ ತನ್ನ ಎದೆಗೆ ಆನಿಸಿ ಹಿಡಿದು ಕುಡಿಸತೊಡಗಿದ. ವರ್ಷವಿಡೀ ನನ್ನ ಕೈತುತ್ತು ತಳ್ಳಿದ ಮನುಷ್ಯ ಮಗುವಿನ ಹಾಗೆ ಕುಡಿದರು. ತಳ್ಳಲು ಕೈ ಏಳುತ್ತಿರಲಿಲ್ಲ.

ಅರ್ಧ ಕುಡಿದು ಅವರು ಕೇಳಿದರು, "ನೀ ಯಾಕ ಬಂದಿ ಚಂದಪ್ಪ? ನನ್ನ ಮ್ಯಾಲ ಸಿಟ್ಟ ಇಲ್ಲೇನು?"

"ಅದ್ರಿ."

ಚಂದಪ್ಪ ಬಟ್ಟಲು ಕೆಳಗಿಟ್ಟ.

"ಸುಳ್ಳ ಯಾಕ ಹೇಳ್ಲಿ? ಭಾಳ ಅದ. ನೀವು ಬಿದ್ದೀರಿ ಅಂತ ಮಾರ್ತವ್ವ ಅಂದಾಗ ಚಲೋ ಆತು ಅಂದೆ. ಆಮ್ಯಾಲ ಮನಸ್ಸ ಕುದೀತು. ದೇವ್ರಿಗಿ ಹೇಳ್ದೆ. ನಾ ಆ ಮನುಷ್ಯಾಗ ಎತ್ತಂಗಿಲ್ಲಪ್ಪ. ಕೈಯಾಗ ಬಲ ಅದ, ಮನಸ್ಸಿನ್ಯಾಗ ಇಲ್ಲ. ನಿನಗ ಬೇಕಾಗಿದ್ರ ನೀನ ಎತ್ತು ಅಂದೆ. ಅಂದ ಎದ್ದ ಬಂದೆ. ಮತ್ತ ಎತ್ತೀನಿ ನೋಡ್ರಿ. ಹ್ಯಾಂಗ ಆತು ನಂಗೂ ತಿಳಿವಲ್ದು."

ನನ್ನ ಗಂಡನ ಮೈಯೆಲ್ಲ ಅಲುಗಿತು. ಜ್ವರದ ನಡುಕವೆಂದು ನಾನು ಕಂಬಳಿ ಹೊದಿಸಲು ಹೋದೆ. ಅಳುತ್ತಿದ್ದರು. "ನನ್ನಿಂದ ಆಗ್ಲಿಲ್ಲ ಚಂದಪ್ಪ. ಒಂದೂ ಆಗ್ಲಿಲ್ಲ. ನಿನಗ ಹೊಡದೆ. ಮಾಫ್ ಮಾಡು" ಎಂದರು. ಚಂದಪ್ಪ, "ಹ್ಞೂಂ, ಕುಡೀರಿ ಈಗ" ಎಂದು ಬಟ್ಟಲು ಮತ್ತೆ ಬಾಯಿಗೆ ಹಿಡಿದ.

ನನಗೂ ಕಣ್ಣು ತುಂಬಿ ಬಂತು, ನಿಜ. ಆದರೆ ಅದರ ಜೊತೆಗೇ ಮೈಯೂ ಉರಿಯಿತು. ನನ್ನಿಂದ ಆಗಲಿಲ್ಲ ಎಂಬ ಈ ಒಂದು ಮಾತಿಗಾಗಿ ಒಂದು ಡಬ್ಬಿ ಹಿಟ್ಟು, ಒಂದು ಸಭೆ, ಒಂದು ಹಣೆ, ಮೂರು ಜನರ ನೆಮ್ಮದಿ ಹೋಗಬೇಕಿತ್ತೆ? ಚಪ್ಪರದಲ್ಲಿ ಆ ಮುದುಕರು ಕೈ ಎತ್ತಿ ತೋರಿಸಿದ್ದು ಇದನ್ನೇ ಅಲ್ಲವೆ?

ಸಂಜೆ ತಾಜಸುಲ್ತಾನಪುರ ದಾಟುವಾಗ ದೂರದಲ್ಲಿ ಕಲಬುರ್ಗಿಯ ಕೋಟೆ ಕಂಡಿತು. ದವಾಖಾನೆಯಲ್ಲಿ ಅವರು ಸಾಯುತ್ತಾರೇನೋ ಎಂಬಂಥ ದಿನಗಳು ಕಳೆದು, ಗಂಜಿ, ಆಮೇಲೆ ಮೆತ್ತನ್ನ ಅನ್ನ, ಆಮೇಲೆ ರೊಟ್ಟಿಗೆ ಬಂದರು. ಹಿರಿಯ ಅಯ್ಯನವರು ದಿನವೂ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು. ಬೋಧನೆ ಮಾಡುತ್ತಿರಲಿಲ್ಲ. ನನ್ನ ಗಂಡ ಉಣ್ಣುವುದನ್ನು ನೋಡಿ ಎದ್ದು ಹೋಗುತ್ತಿದ್ದರು. ಕೆಲಸ ಬಿಡುತ್ತೇನೆ ಎಂದು ಇವರು ಒಮ್ಮೆ ಬಾಯಿ ತೆಗೆದಾಗ, "ಅದೂ ನೀನೇ ನಿರ್ಧಾರ ಮಾಡಾವನೇನು?" ಎಂದು ಗದರಿಸಿದರಂತೆ.

ಬೇಸಿಗೆ ಹತ್ತುವಾಗ ಕಮಲಾಪುರಕ್ಕೆ ಮರಳಿದೆವು. ನನ್ನ ಗಂಡ ಮೊದಲು ಹೋದದ್ದು ಮಾರ್ತವ್ವನ ಬಾಗಿಲಿಗೆ. ಹೊರಗೇ ನಿಂತು, ಕೇರಿಯವರು ಕೇಳುವ ಹಾಗೆ ತಪ್ಪಾಯಿತೆಂದರು. ಆಕೆ ಕೂಡಲೇ ಮಾಫು ಮಾಡಲಿಲ್ಲ. "ನೋಡೋಣ್ರಿ" ಎಂದಳು. ಮುಂದಿನ ಭಾನುವಾರ ಬಂದಳು, ಅದರ ಮುಂದಿನ ಭಾನುವಾರ ಉಳಿದವರು ಬಂದರು. ಚಂದಪ್ಪ ಆಮೇಲೆಯೂ ಕುಡಿದು ಬಿದ್ದದ್ದುಂಟು. ನನ್ನ ಗಂಡ ಆಣೆ ಮಾಡಿಸಲಿಲ್ಲ. ಸಂತೆಯ ದಿನ ಅವನ ಜೊತೆ ಚರ್ಮದ ಚೂರುಗಳ ನಡುವೆ ಹೋಗಿ ಕೂರುತ್ತಿದ್ದರು. ಇಬ್ಬರೂ ಸೇರಿ ದೇವರಿಗೆ ತಮ್ಮ ತಮ್ಮ ದೂರು ಹೇಳಿಕೊಳ್ಳುತ್ತಿದ್ದರಂತೆ, ಒಬ್ಬನದು ಸಿಂದಿ, ಒಬ್ಬರದು ಸಿಟ್ಟು. ಕೆಲವು ವರ್ಷಗಳ ಮೇಲೆ ಒಮ್ಮೆ ನಾನೇ ಕೇಳಿದೆ, ಕುಡಿಯುವುದನ್ನು ಯಾವಾಗ ಬಿಟ್ಟೆ ಚಂದಪ್ಪ ಎಂದು. ಅವನು ತಲೆ ಕೆರೆದುಕೊಂಡ. "ನಾ ಎಲ್ಲಿ ಬಿಟ್ಟೀನ್ರಿ ಬಾಯಿ? ಅದ ಹೋಗ್ಯಾದ. ಯಾವಾಗ ಹೋತು ನೋಡೇ ಇಲ್ಲ" ಎಂದ. ದನಿ ಮಾತ್ರ ಮೊದಲಿನ ಎತ್ತರಕ್ಕೇ ಬಂದಿತ್ತು.

ನನ್ನ ಗಂಡನ ಸಿಟ್ಟು ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ. ಮರಳಿ ಬಂದ ಹೊಸದರಲ್ಲಿ, ಕೈಗೆ ಸ್ವಲ್ಪ ಬಲ ಬಂದಾಗ, ಹಿತ್ತಿಲಲ್ಲಿ ಅವರೆಕಾಯಿ ಬಳ್ಳಿ ಹಬ್ಬಿಸಿದ್ದರು. ಅದಕ್ಕೆ ತಾವೇ ನೀರು ಹೊತ್ತು ಹಾಕುತ್ತಿದ್ದರು. ಒಂದು ಮುಂಜಾನೆ ಮಗ್ಗಲು ಮನೆಯ ಮುದುಕಿಯ ಆಡು ಬೇಲಿ ಹಾರಿ ಬಂದು ಬಳ್ಳಿಗೆ ಬಾಯಿ ಹಾಕಿತು. ಇವರು ಕೋಲು ಹಿಡಿದು ಹೊರಗೆ ಹಾರಿದರು. ಕತ್ತಿನ ನರ ಉಬ್ಬಿತು, ಬೇಲಿಯಾಚೆಗಿನ ಮುದುಕಿಯ ಹೆಸರು ಹಿಡಿದು ಕೂಗಿದರು. ಹೆಸರಿನ ಮುಂದಿನ ಮಾತು ಬಾಯಿಗೆ ಬಂದದ್ದು ನನಗೆ ಅಡುಗೆ ಮನೆಯಿಂದಲೇ ತಿಳಿಯಿತು. ಆದರೆ ಅದು ಹೊರಗೆ ಬರಲಿಲ್ಲ. ಕೋಲು ಕೆಳಗೆ ಬಿಟ್ಟು ಅಲ್ಲೇ ನೆಲದ ಮೇಲೆ ಕುಳಿತು, ಕಣ್ಣು ಮುಚ್ಚಿ, ಗಟ್ಟಿಯಾಗಿ, "ಸ್ವಾಮಿ, ಮತ್ತ ಬಂದದ ನೋಡು. ಇದು ನನ್ನಿಂದ ಆಗಂಗಿಲ್ಲ. ನೀನ ನೋಡ್ಕೊ" ಎಂದರು. ಉಸಿರು ಬಿಗಿ ಹಿಡಿಯಲಿಲ್ಲ, ಮೂಗಿನ ಹೊಳ್ಳೆ ಅಗಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಮುಖ ಸಡಿಲವಾಯಿತು. ಅಂಥ ಮುಖವನ್ನು ನಾನು ವರ್ಷದಿಂದ ಕಂಡಿರಲಿಲ್ಲ.

ಅಷ್ಟರಲ್ಲಿ ಆಡು ಅರ್ಧ ಬಳ್ಳಿ ಮುಗಿಸಿತ್ತು.

"ಪ್ರಾರ್ಥನಾ ಆಮ್ಯಾಲ ಮಾಡ್ರಿ! ಮದಲ ಆ ಆಡಿಗಿ ಓಡಸ್ರಿ!" ಎಂದು ನಾನು ಕಿರುಚಿದೆ.

ಅವರು ಕಣ್ಣು ತೆರೆದು ಆಡನ್ನು ನೋಡಿದರು, ನನ್ನನ್ನು ನೋಡಿದರು, ನಗಲು ಶುರುಮಾಡಿದರು. ನಕ್ಕು ನಕ್ಕು ಏಳಲೂ ಆಗಲಿಲ್ಲ. ಕೊನೆಗೆ ಕಸಬರಿಗೆ ಹಿಡಿದು ಆಡನ್ನು ಹಿತ್ತಿಲ ತುಂಬ ಅಟ್ಟಾಡಿದವಳು ನಾನೇ. ಏದುಸಿರು ಬಿಡುತ್ತ, ಸೆರಗು ಮುಳ್ಳಿಗೆ ಸಿಕ್ಕಿ ಹರಿಯುತ್ತಿರುವಾಗ ನನ್ನ ಬಾಯಲ್ಲೂ ಅದೇ ಮಾತು ಬಂತು. ಸ್ವಾಮಿ, ಈ ಮನುಷ್ಯನ ಜೊತೆ ಬಾಳುವುದು ನನ್ನಿಂದ ಆಗುವ ಕೆಲಸವಲ್ಲ, ನೀನೇ ನೋಡಿಕೋ ಎಂದೆ. ಸಿಟ್ಟಿನಲ್ಲೇ ಹೇಳಿದ್ದು. ಅವನು ನೋಡಿಕೊಂಡ. ನಾವಿಬ್ಬರೂ ಮುದುಕರಾಗುವ ತನಕ ನೋಡಿಕೊಂಡ.